ನಾಲ್ಕಕ್ಷರದ ಒಲ್ಲೆ

ರೇಷನ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು ಗೊತ್ತಿರುವವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಕಾರ್ಡಿನಲ್ಲಿ ಇರುವುದು ಇಬ್ಬರ ಹೆಸರು. ಮನೆಯಲ್ಲಿ ಉಣ್ಣುವ ಬಾಯಿ ಮೂರು. ಮೂರನೆಯವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ, ಇರಲೂ ಕೂಡದು. ಪಕ್ಕದ ಮನೆಯವರಿಗೆ ಅವರ ಕೆಮ್ಮು ಕೇಳಿಸಬಾರದು. ಕಿಟಕಿಯಲ್ಲಿ ನೆರಳು ಕಾಣಿಸಬಾರದು. ಬ್ರೆಡ್ಡು, ಬೆಣ್ಣೆ, ಮಾಂಸ ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ಕೂಪನ್ ಕತ್ತರಿಸಿ ಕೊಡುತ್ತಿದ್ದ ಯುದ್ಧಕಾಲದ ಬರ್ಲಿನ್ನಿನಲ್ಲಿ ರೂತ್ ಆಂಡ್ರಿಯಾಸ್-ಫ್ರೀಡ್ರಿಖ್ ಎಂಬ ಪತ್ರಕರ್ತೆ ವರ್ಷಗಟ್ಟಲೆ ಈ ಲೆಕ್ಕ ಹಾಕುತ್ತಿದ್ದರು.

1901ರಲ್ಲಿ ಬರ್ಲಿನ್ನಿನಲ್ಲೇ ಹುಟ್ಟಿದವರು ರೂತ್. ಮದುವೆಯಾಗಿ, ವಿಚ್ಛೇದನವೂ ಆಗಿ, ಮಗಳು ಕಾರಿನ್‌ಳನ್ನು ಬೆಳೆಸುತ್ತ ಮಹಿಳಾ ಪತ್ರಿಕೆಗಳಿಗೆ ಬರೆದು ಬದುಕುತ್ತಿದ್ದರು. 1933ರ ಅಕ್ಟೋಬರ್‌ನಲ್ಲಿ ನಾಜಿ ಸರ್ಕಾರ ಸಂಪಾದಕರ ಕಾಯ್ದೆ ತಂದಿತು. ‘ಆರ್ಯ’ ಮೂಲದವರೆಂದು ರುಜುವಾತು ಮಾಡಿ ಸರ್ಕಾರಿ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡವರಷ್ಟೇ ಆಮೇಲೆ ಪತ್ರಿಕೆಗಳಲ್ಲಿ ಕೆಲಸ ಮಾಡಬಹುದಿತ್ತು. ಯಾವ ಸುದ್ದಿಗೆ ಎಷ್ಟು ಜಾಗ, ಯಾವ ಪದ ಬಳಸಬೇಕು, ಯಾವುದು ಅಚ್ಚಾಗಲೇಬಾರದು ಎಂಬ ಸೂಚನೆಗಳು ಪ್ರಚಾರ ಸಚಿವ ಗೊಬೆಲ್ಸ್‌ನ ಇಲಾಖೆಯಿಂದ ದಿನವೂ ಬರುತ್ತಿದ್ದವು. ಇಂಥ ಪತ್ರಿಕೋದ್ಯಮದ ಒಳಗೇ ಇದ್ದು ರೂತ್ ಹೆಂಗಸರಿಗೆ ಹಗುರವಾದ ಸಲಹೆಯ ಬರಹಗಳನ್ನು ಬರೆದರು. ಆ ಹೊತ್ತಿನಲ್ಲಿ ಅಂಥ ಪತ್ರಿಕೆಗೆ ಬರೆದದ್ದೇ ತಪ್ಪಲ್ಲವೇ ಎಂದು ಯಾರಾದರೂ ಕೇಳಿದರೆ ನಾನು ಕೂಡಲೇ ಅಲ್ಲ ಎಂದು ಹೇಳಲಾರೆ. ಆದರೆ ಆ ಸಂಬಳ ಮತ್ತು ಆ ಗುರುತಿನ ಚೀಟಿಯ ಮರೆಯಲ್ಲಿ ಅವರು ಏನು ಮಾಡಿದರು ಎಂಬುದನ್ನೂ ಜೊತೆಗೇ ನೋಡಬೇಕು.

ಅಚ್ಚಾಗಲು ಸಾಧ್ಯವೇ ಇಲ್ಲದ್ದನ್ನು ಅವರು ದಿನಚರಿಯಲ್ಲಿ ಬರೆದಿಟ್ಟರು. 1938ರ ಶರತ್ಕಾಲದಿಂದ ಶುರುವಾಗುವ ಆ ಪುಟಗಳಲ್ಲಿ ನವೆಂಬರ್ ತಿಂಗಳ ಒಂದು ಬೆಳಗ್ಗೆ ಮನೆಯ ಕರೆಗಂಟೆ ಬಾರಿಸುತ್ತದೆ. ಬಾಗಿಲಲ್ಲಿ ಪರಿಚಯದ ಯೆಹೂದಿ ವಕೀಲರೊಬ್ಬರು, ತನ್ನನ್ನು ಬಚ್ಚಿಡಿ ಎಂದು ಬೇಡುತ್ತ ನಿಂತಿದ್ದಾರೆ. ಹಿಂದಿನ ರಾತ್ರಿ ದೇಶದುದ್ದಕ್ಕೂ ಯೆಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿದ್ದಿತ್ತು, ಅಂಗಡಿಗಳ ಗಾಜು ಪುಡಿಯಾಗಿ ಬೀದಿಗೆ ಚೆಲ್ಲಿತ್ತು. ರೂತ್‌ಗೆ ಈ ಸುದ್ದಿ ಮೊದಲು ತಲುಪಿದ್ದು ಹೊಸ್ತಿಲಲ್ಲಿ ನಿಂತ ಮನುಷ್ಯನ ಮುಖದಲ್ಲಿ.

ಅಲ್ಲಿಂದ ಸ್ಟೆಗ್ಲಿಟ್ಸ್ ಬಡಾವಣೆಯ ಆ ಮನೆ ಒಂದು ತಂಗುದಾಣವಾಯಿತು. ರೂತ್‌ರ ಸಂಗಾತಿ ಲಿಯೋ ಬೋರ್ಖಾರ್ಡ್ ವಾದ್ಯವೃಂದದ ನಿರ್ದೇಶಕರು, ಮಾಸ್ಕೋದಲ್ಲಿ ಹುಟ್ಟಿದ ಜರ್ಮನ್. ರಾಜಕೀಯವಾಗಿ ನಂಬಲಾಗದವರೆಂದು ನಾಜಿಗಳು ಅವರನ್ನು ದೂರವಿಟ್ಟಿದ್ದರು. ವೈದ್ಯ ವಾಲ್ಟರ್ ಸೈಟ್ಸ್ ಮತ್ತು ಇನ್ನು ಕೆಲವು ಗೆಳೆಯರು ಸೇರಿಕೊಂಡರು. ಹದಿಹರೆಯದ ಕಾರಿನ್ ಕೂಡ ಸೇರಿದಳು. ಗುಂಪಿಗೆ ‘ಎಮಿಲ್ ಮಾವ’ ಎಂಬ ಹೆಸರು ಬಂತು. ಅಪಾಯ ಹತ್ತಿರ ಬಂದರೆ ಒಬ್ಬರಿಗೊಬ್ಬರು ಮುನ್ನೆಚ್ಚರಿಕೆ ಕೊಡಲು ಇಟ್ಟುಕೊಂಡ ಸಂಕೇತ ಅದು. ಎಮಿಲ್ ಮಾವ ಎಂದರೆ ಯಾರಿಗೆ ತಾನೇ ಸಂಶಯ ಬರುತ್ತದೆ?

ಪ್ರತಿರೋಧ ಅಂದಾಗ ನಮ್ಮ ಕಣ್ಣಿಗೆ ಬಾಂಬು, ಪಿಸ್ತೂಲು, ರಹಸ್ಯ ರೇಡಿಯೊ ಬರುತ್ತವೆ. ಎಮಿಲ್ ಮಾವನ ಬಳಗ ಮಾಡಿದ್ದು ಬಹುಮಟ್ಟಿಗೆ ಮನೆವಾರ್ತೆಯ ಕೆಲಸ. ಈ ವಾರ ಇವರಿಗೆ ಯಾರ ಮನೆಯಲ್ಲಿ ಹಾಸಿಗೆ, ಯಾರ ಪಾಲಿನ ಕೂಪನ್ನಿನಲ್ಲಿ ಎಷ್ಟು ಉಳಿಸಬಹುದು, ಕಳ್ಳ ಕೂಪನ್ ಎಲ್ಲಿ ಸಿಗುತ್ತದೆ, ಬಾಂಬ್ ದಾಳಿಯ ಸೈರನ್ ಕೂಗಿದಾಗ ನೆಲಮಾಳಿಗೆಗೆ ಹೋಗಲಾರದ ಅತಿಥಿಯನ್ನು ಏನು ಮಾಡುವುದು. ಇಲ್ಲದ ಕಾಯಿಲೆಗಳಿಗೆ ವೈದ್ಯರು ಪ್ರಮಾಣಪತ್ರ ಬರೆದು ಯುವಕರನ್ನು ಸೇನೆಯಿಂದ ತಪ್ಪಿಸಿದರು. ರೂತ್‌ರ ದಿನಚರಿ ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಈ ಸಣ್ಣ ಲೆಕ್ಕಗಳೇ. ಹಸಿವು ದಿನಕ್ಕೆ ಮೂರು ಸಲ ಬರುತ್ತದೆ. ಧೈರ್ಯವೂ ದಿನಕ್ಕೆ ಮೂರು ಸಲ ಬೇಕಾಗುತ್ತದೆ.

ಅಪಾಯ ಎಷ್ಟು ಹತ್ತಿರದಲ್ಲಿತ್ತು ಎಂದು ತಿಳಿಯಲು ಅದೇ ಊರಿನ ಇನ್ನಿಬ್ಬರು ಪತ್ರಕರ್ತೆಯರನ್ನು ನೆನೆದರೆ ಸಾಕು. ನಾಜಿಗಳನ್ನು ವಿರೋಧಿಸಿದ ಇಲ್ಸೆ ಸ್ಟೋಬೆ ಮತ್ತು ಲಿಬರ್ಟಾಸ್ ಶುಲ್ಸೆ-ಬಾಯ್ಸನ್ ಇಬ್ಬರನ್ನೂ 1942ರ ಡಿಸೆಂಬರ್ 22ರಂದು ಬರ್ಲಿನ್ನಿನ ಪ್ಲೋಟ್ಸೆನ್‌ಸೇ ಸೆರೆಮನೆಯಲ್ಲಿ ಶಿರಚ್ಛೇದ ಮಾಡಿದರು. ಇಲ್ಸೆಯ ತಾಯಿ ರಾವೆನ್ಸ್‌ಬ್ರೂಕ್ ಯಾತನಾಶಿಬಿರದಲ್ಲಿ ಸತ್ತರು. ಎರಡು ತಿಂಗಳು ಕಳೆದು ಮ್ಯೂನಿಕ್‌ನಲ್ಲಿ ನಾಜಿ ವಿರೋಧಿ ‘ಬಿಳಿ ಗುಲಾಬಿ’ ಬಳಗದ ವಿದ್ಯಾರ್ಥಿಗಳ ತಲೆ ಉರುಳಿತು. ಅವರ ಕೊನೆಯ ಕರಪತ್ರದ ಪ್ರತಿ ಕೈಸೇರಿದಾಗ ಎಮಿಲ್ ಮಾವನ ಬಳಗ ಅದನ್ನು ಬರ್ಲಿನ್ನಿನಲ್ಲಿ ನಕಲು ಮಾಡಿ ಹಂಚಿತು. ಬರೆದವರಿಗೆ ಏನಾಯಿತೆಂದು ಗೊತ್ತಿದ್ದೂ ಹಂಚಿತು.

1933ರಲ್ಲಿ ಬರ್ಲಿನ್ನಿನಲ್ಲಿ ಸುಮಾರು 1,60,000 ಯೆಹೂದಿಗಳಿದ್ದರು. 1941ರ ಅಕ್ಟೋಬರ್‌ನಿಂದ ಅವರನ್ನು ರೈಲಿಗೆ ತುಂಬಿ ಪೂರ್ವಕ್ಕೆ ಕಳಿಸಲು ತೊಡಗಿದಾಗ ಸುಮಾರು 7,000 ಮಂದಿ ಅದೇ ನಗರದೊಳಗೆ ತಲೆಮರೆಸಿಕೊಂಡರು. ಯುದ್ಧ ಮುಗಿಯುವಾಗ ಅವರಲ್ಲಿ ಬದುಕುಳಿದವರು ಸುಮಾರು 1,700. ಜರ್ಮನಿಯಲ್ಲಿ ಎಲ್ಲರೂ ಹಿಟ್ಲರನ ಹಿಂದೆ ಹೋಗಲಿಲ್ಲ ಎಂದು ಹೊರಜಗತ್ತಿಗೆ ತಿಳಿಸುವುದೇ ರೂತ್ ದಿನಚರಿ ಬರೆದ ಉದ್ದೇಶ. ಆ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೂ ಈ ಅಂಕಿಗಳ ಪಕ್ಕದಲ್ಲಿ ಇಟ್ಟು ಓದಿದಾಗ ಇಂಥವರು ಎಷ್ಟು ಕಡಿಮೆ ಇದ್ದರು ಎಂಬುದೇ ಎದೆಗೆ ತಾಗುತ್ತದೆ. ಒಬ್ಬರನ್ನು ಉಳಿಸಲು ಹಲವು ಮನೆಗಳು ಬೇಕಿದ್ದವು. ನಲವತ್ತು ಲಕ್ಷ ಜನರ ಊರಿನಲ್ಲಿ ಅಷ್ಟು ಮನೆಗಳು ಸಿಗಲಿಲ್ಲ.

1945ರ ಏಪ್ರಿಲ್. ಸೋವಿಯತ್ ಸೇನೆ ನಗರದ ಬಾಗಿಲಿಗೆ ಬಂದಿದೆ. ಸೇತುವೆ, ಕಾರ್ಖಾನೆ ಏನನ್ನೂ ಶತ್ರುವಿಗೆ ಉಳಿಸದೆ ನಾಶ ಮಾಡಿ ಎಂದು ಹಿಟ್ಲರ್ ಆಗಲೇ ಆಜ್ಞೆ ಹೊರಡಿಸಿದ್ದ. ಸೇನೆ ಬಿಟ್ಟು ಓಡಿದವರನ್ನು ಬೀದಿಯಲ್ಲೇ ನೇಣು ಹಾಕುತ್ತಿದ್ದ ದಿನಗಳವು. ಏಪ್ರಿಲ್ 18ರ ರಾತ್ರಿ ರೂತ್ ಮತ್ತು ಗೆಳೆಯರು ಸೀಮೆಸುಣ್ಣ, ಬಣ್ಣ ಹಿಡಿದು ದೀಪವಿಲ್ಲದ ಬೀದಿಗಳಿಗೆ ಇಳಿದರು. ಸಿಕ್ಕ ಸಿಕ್ಕ ಗೋಡೆಯ ಮೇಲೆ ಒಂದೇ ಪದ ಬರೆದರು: ‘ನೈನ್’.

ಜರ್ಮನ್ ಲಿಪಿಯಲ್ಲಿ ಅದು ನಾಲ್ಕಕ್ಷರ. ಕನ್ನಡಕ್ಕೆ ತರಹೊರಟರೆ ಕೈ ತಡೆಯುತ್ತದೆ. ನಮ್ಮಲ್ಲಿ ಇಲ್ಲ ಬೇರೆ, ಅಲ್ಲ ಬೇರೆ, ಬೇಡ ಬೇರೆ, ಒಲ್ಲೆ ಬೇರೆ. ಇಲ್ಲ ಎಂಬುದು ಇರುವಿಕೆಯ ಮಾತು, ಅಲ್ಲ ಎಂಬುದು ತಿದ್ದುವ ಮಾತು, ಬೇಡ ಎಂದರೆ ಎದುರಿನವರನ್ನು ತಡೆದಂತೆ. ಒಲ್ಲೆ ಎಂಬುದರಲ್ಲಿ ಮಾತ್ರ ಹೇಳುವವರು ‘ನಾನು’ ಆಗಿ ನಿಲ್ಲುತ್ತಾರೆ. ಆ ರಾತ್ರಿಯ ಗೋಡೆಗಳ ಮೇಲೆ ಇದ್ದದ್ದು ಒಲ್ಲೆ ಎಂದೇ ನಾನು ಓದಿಕೊಳ್ಳುತ್ತೇನೆ. ಹನ್ನೆರಡು ವರ್ಷ ಅಚ್ಚುಯಂತ್ರದ ಪಕ್ಕದಲ್ಲೇ ಕೂತು ಮನಸ್ಸಿನ ಒಂದು ಮಾತನ್ನೂ ಅಚ್ಚು ಹಾಕಿಸಲಾಗದ ಪತ್ರಕರ್ತೆ ಊರಿಗೆಲ್ಲ ಕಾಣುವಂತೆ ಪ್ರಕಟಿಸಿದ ಬರಹ ಅದು.

ಬಿಡುಗಡೆಯ ಗಳಿಗೆ ಅವರು ಅಂದುಕೊಂಡಂತೆ ಬರಲಿಲ್ಲ. ಗುಂಡಿನ ಸದ್ದಿನ ನಡುವೆ ಎಲ್ಲಿಂದಲೋ ಒಂದು ಬಿಳಿ ಎತ್ತು ಬಂದ ಪ್ರಸಂಗ ದಿನಚರಿಯಲ್ಲಿದೆ. ಅದು ಸತ್ತು ಬೀಳುತ್ತಲೇ ನೆಲಮಾಳಿಗೆಗಳಿಂದ ಜನ ಚಾಕು, ಬಕೆಟ್ ಹಿಡಿದು ಮೇಲೆದ್ದು ಬಂದು ಮಾಂಸಕ್ಕೆ ಮುಗಿಬೀಳುತ್ತಾರೆ. ಹನ್ನೆರಡು ವರ್ಷ ಕಾದದ್ದು ಇದಕ್ಕೇನಾ ಎಂದು ರೂತ್‌ಗೆ ಅನ್ನಿಸುತ್ತದೆ. ತನ್ನ ಜನರ ಬಗ್ಗೆ ಒಳ್ಳೆಯ ಮಾತು ಹೇಳಬೇಕೆಂದು ಬರೆಯಲು ಕೂತವರು ಈ ಪುಟವನ್ನು ಹರಿದು ಹಾಕಲಿಲ್ಲ. ಪ್ರಕಟಣೆಗೆಂದು ದಿನಚರಿಯ ಹೆಸರುಗಳನ್ನೆಲ್ಲ ಅವರು ಬದಲಿಸಿದ್ದರು ನಿಜ. ಆದರೆ ಇಂಥ ಪುಟಗಳು ಇರುವುದರಿಂದಲೇ ನನಗೆ ಅವರ ಬರಹದಲ್ಲಿ ನಂಬಿಕೆ.

ಮೇ 26ರಂದು ಸ್ಟೆಗ್ಲಿಟ್ಸ್‌ನ ಟೈಟಾನಿಯಾ ಪಲಾಸ್ಟ್ ಚಿತ್ರಮಂದಿರದಲ್ಲಿ ಬರ್ಲಿನ್ ಫಿಲ್ಹಾರ್ಮೊನಿಕ್ ವಾದ್ಯವೃಂದ ಯುದ್ಧಾನಂತರದ ಮೊದಲ ಕಛೇರಿ ಕೊಟ್ಟಿತು. ನಿರ್ದೇಶನ ಬೋರ್ಖಾರ್ಡ್ ಅವರದು. ಮೊದಲು ನುಡಿಸಿದ್ದು ಮೆಂಡೆಲ್ಸನ್. ಯೆಹೂದಿ ಮನೆತನದಲ್ಲಿ ಹುಟ್ಟಿದ್ದಕ್ಕಾಗಿ ನಾಜಿಗಳು ಅವನ ಸಂಗೀತವನ್ನು ಸಭಾಂಗಣಗಳಿಂದ ಹೊರಹಾಕಿದ್ದರು. ನಡುವೆ ಮೊಜಾರ್ಟ್, ಕೊನೆಯಲ್ಲಿ ರಷ್ಯದ ಚೈಕೋವ್ಸ್ಕಿ.

ಮೂರು ತಿಂಗಳು ಕೂಡ ಆಗಲಿಲ್ಲ. ಆಗಸ್ಟ್ 23ರ ರಾತ್ರಿ ಬ್ರಿಟಿಷ್ ಅಧಿಕಾರಿಯೊಬ್ಬರ ಮನೆಯಲ್ಲಿ ಊಟ ಮುಗಿಸಿ ರೂತ್ ಮತ್ತು ಬೋರ್ಖಾರ್ಡ್ ಆ ಅಧಿಕಾರಿಯದೇ ಕಾರಿನಲ್ಲಿ ಮನೆಗೆ ಹಿಂತಿರುಗುತ್ತಿದ್ದರು. ಕಾವಲು ಠಾಣೆಯಲ್ಲಿ ಅಮೆರಿಕನ್ ಸೈನಿಕ ನಿಲ್ಲಿಸಲು ತೋರಿಸಿದ ಸನ್ನೆ ಕಾರು ಓಡಿಸುತ್ತಿದ್ದವರಿಗೆ ತಿಳಿಯಲಿಲ್ಲ. ಗುಂಡು ಹಾರಿತು. ನಾಜಿಗಳ ರಹಸ್ಯ ಪೊಲೀಸ್ ಗೆಸ್ಟಾಪೊದ ಕಣ್ಣು ತಪ್ಪಿಸಿ ಯುದ್ಧವನ್ನೆಲ್ಲ ದಾಟಿ ಬಂದ ಬೋರ್ಖಾರ್ಡ್ ಅಲ್ಲೇ ಸತ್ತರು. ಪಕ್ಕದಲ್ಲಿದ್ದ ರೂತ್ ಉಳಿದರು.

ಅವರು ಮತ್ತೆ ಪತ್ರಿಕೆ ಕೆಲಸಕ್ಕೆ ಇಳಿದರು, ದಿನಚರಿಯನ್ನೂ ಬಿಡಲಿಲ್ಲ. ಮುಂದೆ ಮ್ಯೂನಿಕ್‌ಗೆ ಹೋಗಿ ವಾಲ್ಟರ್ ಸೈಟ್ಸ್ ಅವರನ್ನು ಮದುವೆಯಾದರು. 1977ರಲ್ಲಿ ತೀರಿಕೊಂಡರು. ಯೆಹೂದಿಗಳ ಜೀವ ಉಳಿಸಿದವರಿಗೆ ಜೆರುಸಲೇಮಿನ ಯಾದ್ ವಾಶೆಮ್ ಕೊಡುವ ಗೌರವ ಅವರಿಗೂ ಮಗಳು ಕಾರಿನ್‌ಗೂ ಬಂದದ್ದು ಅದಾಗಿ ಎಷ್ಟೋ ವರ್ಷಗಳ ನಂತರ. ಯುದ್ಧಕಾಲದ ದಿನಚರಿ ‘ನೆರಳಿನ ಮನುಷ್ಯ’ ಎಂಬ ಅರ್ಥದ ಜರ್ಮನ್ ಹೆಸರಿನಲ್ಲಿ 1947ರಲ್ಲೇ ಪುಸ್ತಕವಾಗಿತ್ತು. ಅದರಲ್ಲಿ ಬೋರ್ಖಾರ್ಡ್ ಅವರಿಗೆ ರೂತ್ ಕೊಟ್ಟ ಮರೆಹೆಸರು ಆಂದ್ರಿಕ್. ಪುಸ್ತಕ ಅಂಗಡಿಗೆ ಬಂದಾಗ ಅವರನ್ನು ಯಾರಿಂದಲೂ ಬಚ್ಚಿಡಬೇಕಾಗಿರಲಿಲ್ಲ. ಪುಟಗಳೊಳಗೆ ಅವರು ಆಂದ್ರಿಕ್ ಆಗಿಯೇ ಓಡಾಡುತ್ತಿದ್ದಾರೆ.