ಬಯಲಿನಿಂದ ಬರುವ ಕಣಗಳು

ನಾವು ಬರಿಯ ಬಯಲೆಂದು ತಿಳಿದಿರುವ ಆಕಾಶದಿಂದ ಕಣ್ಣಿಗೆ ಕಾಣದ ಮಳೆಯೊಂದು ಹಗಲಿರುಳೂ ಸುರಿಯುತ್ತಿದೆ. 1912ರಲ್ಲಿ ವಿಕ್ಟರ್ ಹೆಸ್ ಎಂಬ ಆಸ್ಟ್ರಿಯಾದ ವಿಜ್ಞಾನಿ ಬಲೂನಿನಲ್ಲಿ 5 ಕಿಲೋಮೀಟರಿಗೂ ಮಿಕ್ಕಿ ಮೇಲೇರಿ ಇದನ್ನು ಗುರುತಿಸಿದರು. ವಿಶ್ವಕಿರಣವೆಂದು ಕರೆದರೂ ಇದರ ಬಹುಪಾಲು ಪ್ರೋಟಾನ್ ಎಂಬ ವಿದ್ಯುದಾವೇಶವುಳ್ಳ ಕಣಗಳೇ. ನಮ್ಮ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿಯೂ ಇವುಗಳ ಅಧ್ಯಯನ ನಡೆದುದುಂಟು.

1932ರಲ್ಲಿ ಕಾರ್ಲ್ ಆಂಡರ್ಸನ್ ಇದೇ ಕಿರಣಗಳಲ್ಲಿ ಪಾಸಿಟ್ರಾನನ್ನು ಕಂಡರು. ಅದು ಎಲೆಕ್ಟ್ರಾನಿನ ಪ್ರತಿರೂಪ. ತೂಕ ಒಂದೇ, ಆವೇಶ ಮಾತ್ರ ವಿರುದ್ಧ. ಇಂತಹ ಪ್ರತಿದ್ರವ್ಯವೂ ದ್ರವ್ಯವೂ ಸಂಧಿಸಿದರೆ ಎರಡೂ ಅಳಿದು ಶಕ್ತಿಯಷ್ಟೇ ಉಳಿಯುತ್ತದೆ. ವಾಚಕರು ಅಂಜಬೇಕಾಗಿಲ್ಲ, ಆಸ್ಪತ್ರೆಗಳಲ್ಲಿ ಅರ್ಬುದರೋಗ ಪತ್ತೆಗೆ ಮಾಡುವ ಪೆಟ್ ಸ್ಕ್ಯಾನ್ ಇದೇ ಪಾಸಿಟ್ರಾನಿನ ಉಪಕಾರ. ಸೃಷ್ಟಿಯ ಆದಿಯಲ್ಲಿ ಎರಡೂ ಸಮವಾಗಿದ್ದಿರಬೇಕೆಂದು ವಿಜ್ಞಾನಿಗಳ ಎಣಿಕೆ. ಹಾಗಿದ್ದಲ್ಲಿ ಪ್ರತಿದ್ರವ್ಯವೆಲ್ಲ ಎಲ್ಲಿ ಹೋಯಿತು?

ವಾತಾವರಣಕ್ಕೆ ಬಡಿದೊಡನೆ ಈ ಕಣಗಳು ಒಡೆದುಹೋಗುವುದರಿಂದ ಅಳೆಯುವವರು ಮೇಲಕ್ಕೇ ಹೋಗಬೇಕು. ನೊಬೆಲ್ ಪುರಸ್ಕೃತ ಸ್ಯಾಮ್ಯುಯೆಲ್ ಟಿಂಗ್ ಅವರ ನೇತೃತ್ವದ ಎ.ಎಂ.ಎಸ್. ಉಪಕರಣವನ್ನು 2011ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಲಾಯಿತು. ಅದರ ಹೃದಯವೇ ಒಂದು ಅಯಸ್ಕಾಂತ. ಅದರೊಳಗೆ ಹಾಯುವ ಧನಕಣ ಒಂದು ಕಡೆಗೂ ಋಣಕಣ ಇನ್ನೊಂದು ಕಡೆಗೂ ಬಾಗುತ್ತದೆ. ಸಿಲಿಕಾನಿನ 9 ಪದರಗಳು ಆ ಜಾಡನ್ನು ಬರೆದುಕೊಳ್ಳುತ್ತವೆ. ಮೊದಲು ಹೆಚ್ಚು ಬಲದ ಅತಿವಾಹಕ ಅಯಸ್ಕಾಂತವನ್ನು ಸಿದ್ಧಪಡಿಸಿದ್ದರು. ಅದನ್ನು ತಂಪಾಗಿಡುವ ದ್ರವ ಹೀಲಿಯಂ ಕೆಲವೇ ವರ್ಷಗಳಲ್ಲಿ ಮುಗಿದುಹೋಗುವಂತಹುದು. ನಿಲ್ದಾಣದ ಆಯುಷ್ಯ ಹೆಚ್ಚಿತೆಂದು ತಿಳಿದಾಗ, 2010ರಲ್ಲಿ, ಅದನ್ನು ತೆಗೆದು 1998ರಲ್ಲೊಮ್ಮೆ ಹಾರಿಬಂದಿದ್ದ ಹಳೆಯ ಕಾಯಂ ಅಯಸ್ಕಾಂತವನ್ನೇ ಕೂಡಿಸಿದರು. ಬಲ ಕಡಿಮೆ, ಬಾಳಿಕೆ ಹೆಚ್ಚು. ಇದು ವಿವೇಕದ ನಿರ್ಧಾರವೆಂದೇ ನಮ್ಮ ಭಾವನೆ.

ಮುಂದೆ ತಂಪುಗೊಳಿಸುವ ಪಂಪುಗಳು ಒಂದೊಂದಾಗಿ ಕೆಟ್ಟವು. ಬಾಹ್ಯಾಕಾಶದಲ್ಲಿ ದುರಸ್ತಿಯಾಗಬೇಕೆಂದು ರಚಿಸಿದ ಯಂತ್ರವೇ ಅದಲ್ಲ. ಆದರೂ 2019ರ ನವೆಂಬರಿನಿಂದ 2020ರ ಜನವರಿಯವರೆಗೆ ಲೂಕಾ ಪರ್ಮಿಟಾನೊ ಮತ್ತು ಆಂಡ್ರ್ಯೂ ಮಾರ್ಗನ್ ನಾಲ್ಕು ಸಾರಿ ಹೊರಗಿಳಿದು, ದಪ್ಪ ಕೈಗವಸಿನ ಕೈಗಳಿಂದ ಸಣ್ಣ ಉಕ್ಕಿನ ನಳಿಗೆಗಳನ್ನು ಕತ್ತರಿಸಿ ಹೊಸ ಪಂಪುಗಳಿಗೆ ಬೆಸೆದರು. ಕಾಯಕವೆಂಬ ಮಾತು ಇಂತಹ ದುಡಿಮೆಗೂ ಸಲ್ಲುತ್ತದೆ.

ಇವೆಲ್ಲ ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತೆಂದು ಹೇಳುವವರುಂಟು. ಆ ಮಾತು ನಮಗೆ ಒಪ್ಪಿಗೆಯಿಲ್ಲ. ಶರಣರದು ಅನುಭಾವ, ಇದು ಅಳತೆ. ಒಂದನ್ನು ಇನ್ನೊಂದರ ಸಾಕ್ಷಿಗೆ ಎಳೆತಂದರೆ ಎರಡಕ್ಕೂ ಅಪಚಾರ. ಅಳತೆಯವರೂ ದುಡುಕುತ್ತಿಲ್ಲ. ಹೆಚ್ಚಿನ ಶಕ್ತಿಯ ಪಾಸಿಟ್ರಾನುಗಳು ನಿರೀಕ್ಷೆಗಿಂತ ಅಧಿಕವಾಗಿವೆಯೆಂದು 2013ರಲ್ಲಿ ಪ್ರಕಟಿಸಿದರು. ಅವು ಕಾಣದ ಕಪ್ಪುದ್ರವ್ಯದಿಂದ ಬಂದವೋ, ಗಿರ್ರನೆ ತಿರುಗುವ ಪಲ್ಸಾರ್ ನಕ್ಷತ್ರಗಳಿಂದ ಬಂದವೋ ಇನ್ನೂ ನಿರ್ಧಾರವಾಗಿಲ್ಲ. ಪ್ರತಿ-ಹೀಲಿಯಂ ಪರಮಾಣುಬೀಜವಂತೂ ಸಂಶಯಕ್ಕೆಡೆಯಿಲ್ಲದಂತೆ ಇದುವರೆಗೆ ಒಂದೂ ದೊರೆತಿಲ್ಲ.