ಮಲೆನಾಡಿನ ಹೆಣ್ಣುಮಕ್ಕಳಿಗೆ ಬಿ.ಎ. ಬೇಡವೆ?

ಹೆತ್ತೂರಿನ ಆಚೆ ಕಾಫಿ ತೋಟದ ಲೈನಿನಲ್ಲಿರುವ ಕೂಲಿಕಾರನ ಮಗಳು ಪಿ.ಯು.ಸಿ. ಪಾಸು ಮಾಡುತ್ತಾಳೆ. ಮುಂದೇನು? ಸರ್ಕಾರದ ಕಡತದಲ್ಲಿ ಉತ್ತರ ಸಿದ್ಧವಾಗಿದೆ. ಸಕಲೇಶಪುರದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ, ಆಲೂರಿನಲ್ಲೂ ಇದೆ, ಹೆಣ್ಣುಮಕ್ಕಳದ್ದೇ ಬೇಕೆಂದರೆ ಹಾಸನದಲ್ಲಿ ಮಹಿಳಾ ಕಾಲೇಜು ಇದೆ. ಎಲ್ಲವೂ ಇದೆ! ಆದರೆ ಕಡತಕ್ಕೆ ಕಾಲಿಲ್ಲ. ಅದು ನಸುಕಿನಲ್ಲಿ ಎದ್ದು ತೋಟದ ದಾರಿಯಲ್ಲಿ ನಡೆದು ಬಸ್ಸು ಹಿಡಿಯಬೇಕಾಗಿಲ್ಲ.

ಆ ದಾರಿ ಎಂಥದು? 2023ರ ಡಿಸೆಂಬರ್ 4ರಂದು ಇದೇ ತಾಲ್ಲೂಕಿನ ಯಸಳೂರು ಭಾಗದ ಕಾಡಿನಲ್ಲಿ ಕಾಡಾನೆ ಹಿಡಿಯಲು ಹೋದ ಅರ್ಜುನನೇ ಕಾಡಾನೆಯ ಏಟಿಗೆ ಸತ್ತ. ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ ಅದು. ಸುತ್ತ ಮಾವುತರಿದ್ದರು, ಅರಣ್ಯ ಇಲಾಖೆಯವರಿದ್ದರು, ಕೋವಿ ಇತ್ತು. ಅಂಥ ಕಾಡಿನಂಚಿನಲ್ಲಿ ಪುಸ್ತಕದ ಚೀಲ ಹೊತ್ತ ಹದಿನೆಂಟರ ಹುಡುಗಿ ಮುಸ್ಸಂಜೆ ಒಬ್ಬಳೇ ನಡೆದು ಬರಬೇಕೆಂದರೆ ಯಾವ ತಾಯಿ ಒಪ್ಪುತ್ತಾಳೆ? ಆಷಾಢದ ಮಳೆಯಲ್ಲಿ ಹಳ್ಳ ಉಕ್ಕಿ ರಸ್ತೆ ಕೊಚ್ಚಿದಾಗ ಹಾಜರಿ ಪುಸ್ತಕದಲ್ಲಿ ಬೀಳುವ ಸೊನ್ನೆಗೆ ಯಾರು ಹೊಣೆ? ಮಗಳನ್ನು ಓದು ಬಿಡಿಸಿದ ತಂದೆಯನ್ನು ಮೂಢನೆಂದು ಬೈಯುವುದು ಸುಲಭ. ಅವನನ್ನು ಆ ಸ್ಥಿತಿಗೆ ತಂದ ಯೋಜನೆಯನ್ನು ಬೈಯುವವರು ಬೇಕು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಒಳ್ಳೆಯ ಕೆಲಸ, ನಾವು ಅದನ್ನು ಮೆಚ್ಚಿದ್ದೇವೆ. ಆದರೆ ಟಿಕೆಟ್ಟಿಗೆ ದುಡ್ಡು ಬೇಡವೆಂದರೆ ಸಾಲದು, ಬಸ್ಸು ಬರಬೇಕು. ಬಸ್ಸೇ ಹೋಗದ ಊರಿಗೆ ಉಚಿತ ಟಿಕೆಟ್ಟು ಎಂದರೆ ಮೂಗಿಗೆ ತುಪ್ಪ ಸವರಿದಂತೆ. ಬಸ್ಸು ಬಂದರೂ ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರು. ಹೆತ್ತೂರು, ಹಾನುಬಾಳಿನ ಕಡೆಯವರಿಗೆ ಅದಕ್ಕಿಂತ ಎಷ್ಟೋ ಹೆಚ್ಚು. ದಿನವೂ ಹೋಗಿಬರುವ ಹುಡುಗಿ ಓದುವುದು ಯಾವಾಗ?

ಆದ್ದರಿಂದ ನಾವು ಹೇಳುವುದು ಒಂದೇ ಮಾತು. ಮಲೆನಾಡಿನಲ್ಲಿ ಹೆಣ್ಣುಮಕ್ಕಳ ಕಾಲೇಜನ್ನು ಯೋಜಿಸುವವರು ಮೊದಲು ಹಾಸ್ಟೆಲಿನ ಹಾಸಿಗೆ ಎಣಿಸಬೇಕು, ಆಮೇಲೆ ಕಾಲೇಜಿನ ಬೆಂಚು ಎಣಿಸಬೇಕು. ಹಾಸ್ಟೆಲಿಲ್ಲದ ಕಾಲೇಜು ಇಲ್ಲಿ ಕಾಲೇಜಲ್ಲ, ಬೋರ್ಡು.

ಯೋಜನೆಯ ಚಂದವನ್ನಾದರೂ ನೋಡೋಣ. 2021ರಲ್ಲಿ ಪದವಿ ನಾಲ್ಕು ವರ್ಷದ್ದಾಯಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. 2023ರಲ್ಲಿ ಹಾಸನಕ್ಕೆಂದೇ ವಿಶ್ವವಿದ್ಯಾಲಯ ಬಂತು; 2025ರ ಫೆಬ್ರುವರಿಯಲ್ಲಿ ಸಂಪುಟದ ಉಪಸಮಿತಿ ಅದನ್ನೂ ಸೇರಿಸಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿತು. ಒಂದು ಸರ್ಕಾರ ಕಟ್ಟುತ್ತದೆ, ಇನ್ನೊಂದು ಕೆಡವಲು ಲೆಕ್ಕ ಹಾಕುತ್ತದೆ. ನಡುವೆ ನಿಂತವಳು ವಿದ್ಯಾರ್ಥಿನಿ.

ಪಾಠ ಹೇಳುವವರ ಗತಿಯೇನು? ರಾಜ್ಯದ ನಾಲ್ಕುನೂರಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಬೆವರಿನಿಂದ. ವರ್ಷಗಟ್ಟಲೆ ದುಡಿದರೂ ಅವರು ಅತಿಥಿಗಳೇ! 2023ರ ಕೊನೆಯಲ್ಲಿ ಅವರು ಖಾಯಂ ಕೆಲಸ ಕೇಳಿ ಪಾಠ ನಿಲ್ಲಿಸಿ ಬೀದಿಗಿಳಿದರು. ಗಿರಣಿಯಲ್ಲಿ ಬದಲಿ ಕೆಲಸಗಾರನ ಪಾಡು ಬಲ್ಲ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೆಲವು ಬುದ್ಧಿವಂತರು ಕೇಳುತ್ತಾರೆ: ಬಿ.ಎ. ಓದಿ ಏನು ಮಾಡುತ್ತಾಳೆ? ಹೊಲಿಗೆಯನ್ನೋ ಕಂಪ್ಯೂಟರನ್ನೋ ಕಲಿತರೆ ಸಾಲದೆ? ಕಸುಬು ಕಲಿಯುವುದನ್ನು ನಾವು ಹಳಿಯುವುದಿಲ್ಲ. ಆದರೆ ಹುಡುಗಿಗೆ ಒಂದು ಪಾಠ, ಹುಡುಗನಿಗೆ ಇನ್ನೊಂದು ಎಂಬ ಭೇದ ಪ್ರಜಾಪ್ರಭುತ್ವಕ್ಕೆ ಸಲ್ಲದೆಂದು ಹಂಸಾ ಮೆಹ್ತಾ ಅವರ ಸಮಿತಿ 1960ರ ದಶಕದಲ್ಲೇ ಹೇಳಿದೆ. ಅರ್ಥಶಾಸ್ತ್ರ ಓದಿದವಳು ನ್ಯೂಯಾರ್ಕು, ಲಂಡನ್ನುಗಳಲ್ಲಿ ಕಾಫಿಯ ಧಾರಣೆ ಏರಿದಾಗ ಲೈನಿನ ಕೂಲಿ ಏಕೆ ಏರಲಿಲ್ಲವೆಂದು ಕೇಳುತ್ತಾಳೆ. ಚರಿತ್ರೆ ಓದಿದವಳು ಈ ಗುಡ್ಡ ಯಾರದಾಗಿತ್ತು, ಯಾರದಾಯಿತು ಎಂದು ಕೇಳುತ್ತಾಳೆ. ಪಂಚಾಯಿತಿಯ ಅರ್ಧ ಸ್ಥಾನ ಹೆಂಗಸರಿಗೆ ಮೀಸಲಾಗಿರುವ ನಾಡಿನಲ್ಲಿ ರಾಜ್ಯಶಾಸ್ತ್ರ ಓದಿದವಳು ಗಂಡನಿಂದ ರುಜು ಹಾಕಿಸುವುದಿಲ್ಲ. ಈ ಪ್ರಶ್ನೆಗಳಿಗೆ ಹೆದರುವವರೇ ಬಿ.ಎ. ದಂಡವೆನ್ನುವವರು.

ಪ್ರತ್ಯೇಕ ಕಾಲೇಜು ಏಕೆ, ಒಟ್ಟಿಗೆ ಓದಬಾರದೆ ಎಂದು ನಮ್ಮ ಗೆಳೆಯರೇ ಕೇಳಬಹುದು. ಒಟ್ಟಿಗೆ ಓದಲಿ, ಬೇಡವೆಂದವರಾರು? ಈಗಿರುವ ಎರಡು ಕಾಲೇಜುಗಳೂ ಬೆಳೆಯಲಿ. ಆದರೆ ಮೈಸೂರಿನ ಮಹಾರಾಣಿ ಕಾಲೇಜಿನ ಬುಡ 1881ರ ಒಂದು ಹೆಣ್ಣುಮಕ್ಕಳ ಶಾಲೆ. ಮನೆ ಬಿಟ್ಟು ಹೊರಬಾರದವರನ್ನು ತರಗತಿಗೆ ತಂದದ್ದು ಅಂಥ ಬಾಗಿಲು. ಬೆಂಗಳೂರಿಗೆ ಅಂಥ ಕಾಲೇಜು 1938ರಲ್ಲೇ ಬಂತು. ಅರಸರ ಕಾಲದಲ್ಲಿ ರಾಜಧಾನಿಗೆ ಸಿಕ್ಕಿದ ಬಾಗಿಲು ಗಣರಾಜ್ಯದಲ್ಲಿ ತೋಟದ ಲೈನಿಗೆ ಸಿಗಬಾರದೆ?

ಇದು ತೋಟದವರ ಗೋಳು, ನಮಗೇನು ಎಂದು ಗಿರಣಿಯವರೂ ಅಂಗಡಿಯವರೂ ಸುಮ್ಮನಿರಬಾರದು. ಓದು ನಿಂತ ಹುಡುಗಿ ನಾಳೆ ಕಾರ್ಖಾನೆಯ ಬಾಗಿಲಿಗೆ ಬರುತ್ತಾಳೆ. ಕೇಳಿದ ಕೂಲಿಗೆ ಒಪ್ಪುತ್ತಾಳೆ. ಅವಳನ್ನು ತೋರಿಸಿ ಮಾಲೀಕ ನಿಮ್ಮ ಕೂಲಿಯನ್ನೂ ಹಿಡಿದಿಡುತ್ತಾನೆ. ಇನ್ನು ಹಾಸ್ಟೆಲೊಂದು ಬಂದರೆ ಅಕ್ಕಿ, ತರಕಾರಿ, ಸೋಪು, ಪುಸ್ತಕ ಕೊಳ್ಳುವುದು ಊರಿನ ಪೇಟೆಯಲ್ಲೇ.

ಹಣವಿಲ್ಲ ಎನ್ನುತ್ತಾರೆ. ರಾಷ್ಟ್ರೀಯ ವರಮಾನದ ನೂರಕ್ಕೆ 6 ಪಾಲು ಶಿಕ್ಷಣಕ್ಕೆ ಇಡಬೇಕೆಂದು ಕೊಠಾರಿ ಆಯೋಗ ಹೇಳಿದ್ದು 1966ರಲ್ಲಿ. 2020ರ ರಾಷ್ಟ್ರೀಯ ನೀತಿಯೂ ಅದೇ 6 ಪಾಲಿನ ಮಾತನ್ನು ಮತ್ತೆ ಬರೆಯಿತು. ಐವತ್ತು ವರ್ಷ ಮೀರಿ ಒಂದೇ ಹುಂಡಿಯನ್ನು ತಿದ್ದಿ ತಿದ್ದಿ ಬರೆಯುವ ಸಾಲಗಾರನಿಗೆ ಯಾವ ಅಂಗಡಿಯವನು ಉದ್ರಿ ಕೊಡುತ್ತಾನೆ?

ನಮ್ಮ ಬೇಡಿಕೆ ಸ್ಪಷ್ಟ. ಸಕಲೇಶಪುರದಲ್ಲಿ ಸರ್ಕಾರಿ ಮಹಿಳಾ ಕಲಾ ಕಾಲೇಜು; ಅದರ ಆವರಣದಲ್ಲೇ, ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಿಂದ ಅರ್ಜಿ ಹಾಕಿದ ಪ್ರತಿ ಹುಡುಗಿಗೂ ಜಾಗವಿರುವ ಹಾಸ್ಟೆಲು; ಖಾಯಂ ಉಪನ್ಯಾಸಕರು; ಪ್ರತಿ ಹೋಬಳಿಯಿಂದ ಕಾಲೇಜಿನ ವೇಳೆಗೆ ಬಸ್ಸು. ಸಂಖ್ಯೆ ಕಡಿಮೆಯಾಯಿತೆಂಬ ನೆಪದಲ್ಲಿ ಕಲಾ ವಿಷಯಗಳನ್ನು ಮುಚ್ಚಕೂಡದು. ದಾರಿ ಮುಚ್ಚಿ ಜನ ಬರಲಿಲ್ಲವೆನ್ನುವುದು ನ್ಯಾಯವಲ್ಲ.

ಓಟು ಕೇಳಲು ಗುಡ್ಡ ಹತ್ತಿ ಬರುವವರಿಗೆ ದಾರಿ ಗೊತ್ತಿದೆ. ಮುಂದಿನ ಸಲ ಬಂದಾಗ ಹಾರ ಹಿಡಿದು ನಿಲ್ಲಬೇಡಿ. ಪಿ.ಯು.ಸಿ. ಮುಗಿಸಿ ಮನೆಯಲ್ಲಿ ಕೂತ ಹುಡುಗಿಯರ ಹೆಸರಿನ ಪಟ್ಟಿ ಹಿಡಿದು ನಿಲ್ಲಿ.