ಫಿಲಡೆಲ್ಫಿಯಾದಲ್ಲಿ ಕಂಡ ಒಂದು ಚಿತ್ರ



ಚಿತ್ರಕಲೆಯ ವಿಷಯದಲ್ಲಿ ನಾನು ಬಲ್ಲವನಲ್ಲ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸುವುದನ್ನು ಮಠದಲ್ಲಿ ಗುರುಗಳು ಕಲಿಸಿದರು. ಗೋಡೆಯ ಚಿತ್ರಗಳನ್ನು ನೋಡುವುದನ್ನು ಕಲಿಸಲಿಲ್ಲ. ಆದುದರಿಂದ ಕೆಲವು ವರ್ಷಗಳ ಹಿಂದೆ ಅಮೆರಿಕೆಯಲ್ಲಿರುವ ಮಗಳ ಮನೆಗೆ ಹೋದಾಗ, ಅಳಿಯಂದಿರು ಫಿಲಡೆಲ್ಫಿಯಾ ನಗರದ ಕಲಾ ಸಂಗ್ರಹಾಲಯಕ್ಕೆ ಕರೆದೊಯ್ದರೂ ನನಗೆ ಉತ್ಸಾಹವಿರಲಿಲ್ಲ. ಮೊಣಕಾಲು ನೋವಿನ ನೆಪ ಹೇಳಿ ಒಂದು ಕಡೆ ಕುಳಿತುಬಿಟ್ಟೆ. ಎದುರಿಗೇ ಆ ಚಿತ್ರವಿತ್ತು.

ಸುಮಾರು ಆರು ಅಡಿ ಅಗಲದ ತೈಲಚಿತ್ರ. ಯೇಸುವಿನ ತಾಯಿಯಾಗಲಿರುವ ಮರಿಯಳಿಗೆ ದೇವದೂತನು ಬಂದು ಸುದ್ದಿ ತಿಳಿಸುವ ಪ್ರಸಂಗ. ಆಕೆ ಸಿಂಹಾಸನದ ಮೇಲಿಲ್ಲ, ತಲೆಯ ಸುತ್ತ ಪ್ರಭಾವಳಿಯಿಲ್ಲ. ಆಗತಾನೆ ನಿದ್ದೆಯಿಂದೆದ್ದ ಬಡವರ ಮನೆಯ ಹುಡುಗಿಯಂತೆ ಮಂಚದ ಅಂಚಿನಲ್ಲಿ ಬೆರಳು ಹೆಣೆದು ಕುಳಿತಿದ್ದಾಳೆ. ಹಾಸಿಗೆ ಮುದುಡಿದೆ; ನೆಲದ ಜಮಖಾನೆ ಸುಕ್ಕುಗಟ್ಟಿದೆ; ನಿಲುವಂಗಿಯ ಕೆಳಗೆ ಬರಿಗಾಲಿನ ಬೆರಳುಗಳು ಕಾಣುತ್ತಿವೆ.

“ಅಜ್ಜಾ, ದೇವದೂತಗ ರೆಕ್ಕಿನ ಇಲ್ಲಲ್ಲಾ!” ಎಂದಳು ಮೊಮ್ಮಗಳು. ರೆಕ್ಕೆಯಷ್ಟೇ ಅಲ್ಲ, ದೇಹವೇ ಇರಲಿಲ್ಲ. ಮರಿಯಳ ಎದುರಿಗೆ ನೆಟ್ಟಗೆ ನಿಂತ ಹೊಂಬಣ್ಣದ ಬೆಳಕು, ಅಷ್ಟೇ. ನಿರಾಕಾರವನ್ನು ಕುರಿತು ಮೂವತ್ತು ವರ್ಷ ಪ್ರವಚನ ಹೇಳಿದ ನಾನು ಸುಮ್ಮನಾದೆ. ಬಸವಣ್ಣನವರ ಭಾವಚಿತ್ರಕ್ಕೂ ಪ್ರಭಾವಳಿ ಇರದಿದ್ದರೆ ನಮ್ಮ ಮನೆಗಳಲ್ಲಿ ಸಮಾಧಾನವಿಲ್ಲ. (ಕ್ಯಾಲೆಂಡರ್ ಮುದ್ರಿಸುವವರನ್ನು ದೂರಿ ಫಲವೇನು? ಕೊಳ್ಳುವವರು ನಾವೇ.)

ಬರೆದವರು ಹೆನ್ರಿ ಒಸ್ಸಾವಾ ಟ್ಯಾನರ್; 1859ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಜನಿಸಿದ ಕಪ್ಪುವರ್ಣೀಯ ಕಲಾವಿದರು. ತಂದೆ ಕ್ರೈಸ್ತ ಧರ್ಮಗುರುಗಳು. ತಾಯಿ ಗುಲಾಮಗಿರಿಯಲ್ಲಿ ಹುಟ್ಟಿದಾಕೆ. ಟ್ಯಾನರ್ ಕಲೆಯನ್ನು ಅಭ್ಯಾಸ ಮಾಡಿದ್ದು ಫಿಲಡೆಲ್ಫಿಯಾದಲ್ಲಿಯೇ. ಆದರೆ ವರ್ಣದ್ವೇಷದ ನಾಡಿನಲ್ಲಿ ನೆಮ್ಮದಿ ಕಾಣದೆ 1891ರಲ್ಲಿ ಪ್ಯಾರಿಸಿಗೆ ತೆರಳಿ ಅಲ್ಲಿಯೇ ನೆಲೆಸಿದರು; 1937ರಲ್ಲಿ ಅಲ್ಲಿಯೇ ತೀರಿಕೊಂಡರು. 1897ರಲ್ಲಿ ಪ್ಯಾಲೆಸ್ಟೈನಿಗೆ ಹೋಗಿ ಅಲ್ಲಿನ ಜನರನ್ನೂ ಮನೆಗಳನ್ನೂ ಕಂಡು ಬಂದು, ಮರುವರ್ಷ ಈ ಚಿತ್ರವನ್ನು ಬರೆದರು. 1899ರಲ್ಲಿ ಅದನ್ನು ಸಂಗ್ರಹಕ್ಕೆಂದು ಕೊಂಡದ್ದು ಅದೇ ಫಿಲಡೆಲ್ಫಿಯಾ ನಗರ. ಬರೆದವರು ಪರದೇಶದಲ್ಲಿ, ಬರೆದದ್ದು ತವರಿನಲ್ಲಿ.

ಇದನ್ನೆಲ್ಲ ಅಳಿಯಂದಿರು ಓದಿ ಹೇಳುತ್ತಿದ್ದಾಗ ನನ್ನ ಮನಸ್ಸು ರಾಣೆಬೆನ್ನೂರಿನ ಕಡೆಗೆ ಓಡಿತು. ಬಾಲ್ಯದಲ್ಲಿ ನಾನಿದ್ದ ಒಂದು ಊರಿನಲ್ಲಿ, ಜಾತ್ರೆಗೆ ಮುಂಚೆ ಗೋಡೆಯ ಮೇಲೆ ಶರಣರ ಚಿತ್ರ ಬರೆಯಲು ಒಬ್ಬರನ್ನು ಕರೆಸಿದ್ದರು. ಸಮಗಾರ ಕೇರಿಯವರು. ತಿಂಗಳೊಪ್ಪತ್ತು ಏಣಿಯ ಮೇಲೆ ನಿಂತು ಬರೆದರು. ಅವರು ಬರೆದ ಶರಣರಲ್ಲಿ ಮಾದಾರ ಚೆನ್ನಯ್ಯನವರೂ ಇದ್ದರು. ಆ ಗೋಡೆಯ ಕೆಳಗೇ ನಾವೆಲ್ಲ ಪಂಕ್ತಿಯಲ್ಲಿ ಪ್ರಸಾದಕ್ಕೆ ಕುಳಿತುಕೊಳ್ಳುತ್ತಿದ್ದೆವು. ಅವರ ಎಲೆ ಮಾತ್ರ ಹೊರಗಿನ ಕಟ್ಟೆಯ ಮೇಲೆ. ಬಡಿಸಿ ಬರುತ್ತಿದ್ದವನು ನಾನು. “ಒಳಗೆ ಬರ್ರಿ” ಎನ್ನಲು ಒಂದು ದಿನವೂ ನನಗೆ ಬಾಯಿ ಬರಲಿಲ್ಲ. ಅವರು ಮಾತ್ರ ಪ್ರತಿದಿನವೂ “ಸಾಕ್ರಿ, ಸ್ವಾಮಿ” ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಆ ಗೋಡೆಗೆ ಸುಣ್ಣ ಬಳಿದು ಬಹಳ ವರ್ಷಗಳಾದವು. ಊರಿನ ಹಿರಿಯರನ್ನು ಈಚೆಗೆ ಕೇಳಿ ನೋಡಿದೆ. ಬರೆದವರ ಹೆಸರು ಯಾರಿಗೂ ನೆನಪಿಲ್ಲ. ಅವರಿಗೆ ಬಡಿಸಿದ ನನಗೂ ಇಲ್ಲ.